ಎದೆಹಾಲಿಗೆ ಹೆಪ್ಪುರೋಧಕ ಔಷಧಗಳ ಸಾಗಣೆ ಮತ್ತು ಅದರ ಮುನ್ನಂದಾಜು

ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುವ ಔಷಧಗಳಿಗೆ ಹೆಪ್ಪುರೋಧಕಗಳು ಎಂದು ಹೆಸರು. ಆಸ್ಪತ್ರೆಯ ಆಡುಮಾತಿನಲ್ಲಿ ಅವು ‘ರಕ್ತ ತೆಳು ಮಾಡುವ ಮಾತ್ರೆ’ಗಳು. ಬಾಣಂತಿಯೊಬ್ಬಳು ಇವನ್ನು ತೆಗೆದುಕೊಂಡಾಗ ಎಷ್ಟು ಭಾಗ ಎದೆಹಾಲಿಗೆ ಇಳಿಯುತ್ತದೆ, ಅದರಲ್ಲಿ ಎಷ್ಟು ಮಗುವಿನ ರಕ್ತಕ್ಕೆ ತಲುಪುತ್ತದೆ ಎಂಬುದನ್ನು ಔಷಧದ ರಾಸಾಯನಿಕ ಗುಣ, ಸ್ತನದ ಜೀವಕೋಶಗಳ ರಚನೆ ಮತ್ತು ಮಗುವಿನ ವಯಸ್ಸಿನ ಆಧಾರದ ಮೇಲೆ ಲೆಕ್ಕ ಹಾಕಿ ಹೇಳುವುದೇ ಮುನ್ನಂದಾಜು. ಹಾಲನ್ನೇ ತೆಗೆದು ಅಳೆದರೆ ಈ ಲೆಕ್ಕವೇಕೆ ಬೇಕು ಎಂದು ಕೇಳಬಹುದು. ಹೊಸ ಔಷಧಗಳ ಪ್ರಯೋಗಗಳಿಗೆ ಹಾಲೂಡಿಸುವ ತಾಯಂದಿರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಔಷಧ ಮಾರುಕಟ್ಟೆಗೆ ಬಂದು ವರ್ಷಗಳು ಕಳೆದರೂ ಅಳತೆಗೆ ಸಿಗುವುದು ಬೆರಳೆಣಿಕೆಯ ತಾಯಂದಿರ ಹಾಲು ಮಾತ್ರ. ಆ ನಡುವಿನ ಅವಧಿಯಲ್ಲಿ ವೈದ್ಯರ ಮುಂದೆ ಕೂತ ತಾಯಿಗೆ ಕೊಡಬೇಕಾದ ಉತ್ತರಕ್ಕೆ ಲೆಕ್ಕವೇ ಆಧಾರ.

ಪ್ರಶ್ನೆ ಹುಟ್ಟುವ ಸಂದರ್ಭ

ಹೆರಿಗೆಯ ನಂತರದ ಆರು ವಾರಗಳು ಹೆಣ್ಣಿನ ಬದುಕಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಅತಿ ಹೆಚ್ಚಿರುವ ಕಾಲ. ಹೆರಿಗೆಯಲ್ಲಿ ರಕ್ತ ಸುರಿದುಹೋಗದಂತೆ ದೇಹವು ಬಸುರಿನ ಕೊನೆಯ ತಿಂಗಳುಗಳಿಂದಲೇ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸಿಕೊಂಡಿರುತ್ತದೆ. ಅದರ ಜೊತೆಗೆ ಸಿಸೇರಿಯನ್, ಸೋಂಕು, ಓಡಾಟವಿಲ್ಲದೆ ಮಲಗಿರುವುದು ಸೇರಿದರೆ ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಬಹುದು, ಅದು ಶ್ವಾಸಕೋಶಕ್ಕೆ ಹರಿದು ಜೀವಕ್ಕೇ ಎರವಾಗಬಹುದು. ಭಾರತದಲ್ಲಿ ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟುವ ಕಾಯಿಲೆಯೂ ಗಣನೀಯವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಇದನ್ನು ದಶಕಗಳಿಂದ ವಿವರಿಸುತ್ತ ಬಂದಿದ್ದಾರೆ. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ರೂಢಿಯಿಂದ ದೇಹ ಒಣಗುವುದನ್ನೂ ಕಾರಣಗಳಲ್ಲಿ ಒಂದಾಗಿ ಎಣಿಸಲಾಗಿದೆ.

ಇನ್ನೊಂದು ದೊಡ್ಡ ಗುಂಪು ಕೃತಕ ಹೃದಯ ಕವಾಟ ಹಾಕಿಸಿಕೊಂಡ ತಾಯಂದಿರದು. ಬಾಲ್ಯದ ಸಂಧಿವಾತ ಜ್ವರದಿಂದ ಕವಾಟ ಕೆಟ್ಟು, ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಲೋಹದ ಕವಾಟ ಹಾಕಿಸಿಕೊಂಡ ಹೆಣ್ಣುಮಕ್ಕಳು ನಮ್ಮ ದೇಶದಲ್ಲಿ ಸಾಕಷ್ಟಿದ್ದಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿಗೆ ಇವರು ಹೊಸಬರಲ್ಲ. ಕವಾಟದ ಮೇಲೆ ಹೆಪ್ಪು ಕೂರದಂತೆ ಅವರು ಜೀವನಪರ್ಯಂತ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಮಾತ್ರೆ ನುಂಗಬೇಕು. ಬಾಣಂತನ ಬಂತೆಂದು ಮಾತ್ರೆ ನಿಲ್ಲಿಸುವಂತಿಲ್ಲ.

ಇಂಥ ತಾಯಿಗೆ ‘ಮಾತ್ರೆ ನುಂಗುತ್ತಿದ್ದೀಯ, ಮಗುವಿಗೆ ಎದೆಹಾಲು ಬೇಡ’ ಎಂದು ಹೇಳಿ ಕಳಿಸುವುದು ಎಚ್ಚರಿಕೆಯ ಮಾತಿನಂತೆ ಕೇಳುತ್ತದೆ. ಅದರಿಂದ ಮಗುವಿಗೆ ನಷ್ಟವಿಲ್ಲ ಎಂಬ ಭಾವನೆ ಮಾತ್ರ ತಪ್ಪು. ಶುದ್ಧ ನೀರು, ಹಾಲಿನ ಪುಡಿಗೆ ಬೇಕಾದ ಹಣ, ಬಾಟಲಿ ಕುದಿಸುವ ಅನುಕೂಲ ಇಲ್ಲದ ಮನೆಯಲ್ಲಿ ಎದೆಹಾಲು ತಪ್ಪಿಸಿದರೆ ಭೇದಿ, ನ್ಯುಮೋನಿಯಾಗಳ ಅಪಾಯ ಕಣ್ಣೆದುರೇ ಇದೆ. ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ: ಹಾಲು ಬಿಡಿಸಲು ಮನಸ್ಸು ಬಾರದ ತಾಯಿ ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಡುತ್ತಾಳೆ. ಆದ್ದರಿಂದ ಈ ಲೆಕ್ಕ ಎರಡು ಜೀವಗಳ ಪ್ರಶ್ನೆ.

ಜರಾಯು ಮತ್ತು ಸ್ತನ

ಬಸುರಿನಲ್ಲಿ ಅಪಾಯಕಾರಿಯಾದ ಔಷಧ ಬಾಣಂತನದಲ್ಲೂ ಅಪಾಯಕಾರಿ ಎಂಬ ಊಹೆಯೇ ಇಲ್ಲಿನ ಬಹುಪಾಲು ಭಯದ ಮೂಲ. ವಾರ್ಫರಿನ್ ಜರಾಯುವನ್ನು ಸಲೀಸಾಗಿ ದಾಟುತ್ತದೆ. ಬಸುರಿನ 6ರಿಂದ 12ನೆಯ ವಾರದ ನಡುವೆ ಅದು ಭ್ರೂಣದ ಮೂಗು ಮತ್ತು ಮೂಳೆಗಳ ಬೆಳವಣಿಗೆಗೆ ಧಕ್ಕೆ ತರಬಲ್ಲದು, ಮುಂದಿನ ತಿಂಗಳುಗಳಲ್ಲಿ ಶಿಶುವಿನ ದೇಹದೊಳಗೆ ರಕ್ತಸ್ರಾವ ಉಂಟುಮಾಡಬಲ್ಲದು. ಅದೇ ಮಾತ್ರೆ ಹಾಲಿನಲ್ಲಿ ಅಳತೆಗೆ ಸಿಗದಷ್ಟು ಕಡಿಮೆ.

ವ್ಯತ್ಯಾಸ ಇರುವುದು ಸಂಪರ್ಕದ ಬಗೆಯಲ್ಲಿ. ಜರಾಯುವಿನ ಎರಡೂ ಬದಿ ರಕ್ತ ಹರಿಯುತ್ತಲೇ ಇರುತ್ತದೆ. ತಾಯಿಯ ರಕ್ತದಲ್ಲಿ ಪ್ರೋಟೀನಿಗೆ ಅಂಟದೆ ಉಳಿದ ಔಷಧ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಶಿಶುವಿನ ರಕ್ತದಲ್ಲೂ ನಿಲ್ಲುವವರೆಗೆ ಸಾಗಣೆ ನಡೆಯುತ್ತದೆ, ತಿಂಗಳುಗಟ್ಟಲೆ. ಸ್ತನದಲ್ಲಿ ಹಾಗಿಲ್ಲ. ಅಲ್ಲಿ ಔಷಧ ಹಾಲಿನೊಳಗೆ ಬಂದು ನಿಲ್ಲುತ್ತದೆ, ಮಗು ಕುಡಿದ ಹಾಲಿನ ಪ್ರಮಾಣಕ್ಕೆ ತಕ್ಕಷ್ಟು ಮಾತ್ರ ಹೊರಹೋಗುತ್ತದೆ, ನಂತರ ಮಗುವಿನ ಹೊಟ್ಟೆ, ಕರುಳು, ಯಕೃತ್ತುಗಳನ್ನು ದಾಟಬೇಕು. ಮೂರು ಕಡೆ ಸೋಸಿಹೋಗುವ ಅವಕಾಶ.

ರಕ್ತದಿಂದ ಹಾಲಿಗೆ

ಹಾಲು ತಯಾರಾಗುವುದು ಸ್ತನದ ಪುಟ್ಟ ಗುಳ್ಳೆಗಳ ಗೋಡೆಯ ಜೀವಕೋಶಗಳಲ್ಲಿ. ಹೆರಿಗೆಯಾದ ಮೊದಲ ಕೆಲವು ದಿನ ಈ ಜೀವಕೋಶಗಳ ನಡುವೆ ಸಂದುಗಳಿರುತ್ತವೆ. ರೋಗನಿರೋಧಕ ಪ್ರೋಟೀನುಗಳಂಥ ದೊಡ್ಡ ಅಣುಗಳೂ ಆ ಸಂದುಗಳಿಂದ ಹಾಲಿಗೆ ಇಳಿಯುತ್ತವೆ, ಔಷಧಗಳಿಗೂ ಅಲ್ಲಿ ದಾರಿಯುಂಟು. ಆದರೆ ಆ ದಿನಗಳ ಹಳದಿ ಹಾಲಿನ ಪ್ರಮಾಣವೇ ತೀರ ಕಡಿಮೆ. ಹಾಲು ತುಂಬಿ ಬರತೊಡಗಿದಾಗ ಸಂದುಗಳು ಮುಚ್ಚಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಔಷಧವು ಜೀವಕೋಶದ ಕೊಬ್ಬಿನ ಪೊರೆಯನ್ನೇ ಕರಗಿ ದಾಟಬೇಕು.

ಹೀಗೆ ದಾಟುವುದಕ್ಕೆ ಕೆಲವು ನಿಯಮಗಳಿವೆ. ಚಿಕ್ಕ ಅಣು ದಾಟುತ್ತದೆ, ದೊಡ್ಡದು ಉಳಿಯುತ್ತದೆ. ರಕ್ತದ ಪ್ರೋಟೀನಿಗೆ, ಅದರಲ್ಲೂ ಆಲ್ಬುಮಿನ್‌ಗೆ ಅಂಟಿಕೊಂಡ ಅಣು ಕದಲುವುದಿಲ್ಲ, ಮುಕ್ತವಾಗಿರುವುದು ಮಾತ್ರ ಸಾಗುತ್ತದೆ. ವಿದ್ಯುದಾವೇಶ ಹೊತ್ತ ಅಣು ಕೊಬ್ಬಿನ ಪೊರೆಯನ್ನು ಹೊಗಲಾರದು. ರಕ್ತದ ಪಿಎಚ್ 7.4, ಎದೆಹಾಲಿನದು ಅದಕ್ಕಿಂತ ತುಸು ಕಡಿಮೆ, ಸುಮಾರು 7.0ರಿಂದ 7.2. ಈ ಸಣ್ಣ ಅಂತರದಿಂದಾಗಿ ಪ್ರತ್ಯಾಮ್ಲ ಸ್ವಭಾವದ ಔಷಧಗಳು ಹಾಲಿನಲ್ಲಿ ಸಿಕ್ಕಿಬಿದ್ದು ಹೆಚ್ಚುತ್ತವೆ, ಆಮ್ಲ ಸ್ವಭಾವದವು ರಕ್ತದಲ್ಲೇ ಹಿಂದುಳಿಯುತ್ತವೆ. ಕೊನೆಯದಾಗಿ, ಕೊಬ್ಬಿನಲ್ಲಿ ಕರಗುವ ಔಷಧ ಹಾಲಿನ ಕೊಬ್ಬಿನ ಕಣಗಳಲ್ಲೂ ಸೇರಿಕೊಳ್ಳುತ್ತದೆ.

ಇಷ್ಟನ್ನೂ ಒಂದೇ ಸಮೀಕರಣಕ್ಕೆ ತಂದವರಲ್ಲಿ ನ್ಯೂಜಿಲೆಂಡಿನ ಅಟ್ಕಿನ್ಸನ್ ಮತ್ತು ಬೆಗ್ ಪ್ರಮುಖರು. 1990ರಲ್ಲಿ ಅವರು ಪ್ರಕಟಿಸಿದ ಸೂತ್ರಗಳು ಆಮ್ಲಗಳಿಗೊಂದು, ಪ್ರತ್ಯಾಮ್ಲಗಳಿಗೊಂದು ಎಂದು ಬೇರೆಬೇರೆಯಾಗಿದ್ದವು. ಪ್ರೋಟೀನಿಗೆ ಅಂಟುವ ಪ್ರಮಾಣ, ಪಿಎಚ್ ಅಂತರ, ಕೊಬ್ಬಿನಲ್ಲಿ ಕರಗುವ ಗುಣ ಈ ಮೂರರಿಂದ ಹಾಲು ಮತ್ತು ಪ್ಲಾಸ್ಮಾ (ರಕ್ತದ ದ್ರವಭಾಗ) ಇವುಗಳಲ್ಲಿನ ಸಾಂದ್ರತೆಯ ಅನುಪಾತವನ್ನು ಹೇಳಲು ಅವು ಯತ್ನಿಸಿದವು. ಈ ಅನುಪಾತಕ್ಕೆ ಹಾಲು–ಪ್ಲಾಸ್ಮಾ ಅನುಪಾತ ಎಂದು ಹೆಸರು.

ಈ ಅನುಪಾತವೊಂದನ್ನೇ ನೋಡಿ ಹೆದರುವವರು, ನಿಶ್ಚಿಂತರಾಗುವವರು ಇಬ್ಬರೂ ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ತಾಯಿಯ ರಕ್ತದಲ್ಲೇ ಔಷಧ ಅತ್ಯಲ್ಪವಾಗಿದ್ದರೆ ಹಾಲಿನಲ್ಲಿ ಅದರ ಎರಡು ಪಟ್ಟು ಇದ್ದರೂ ಅತ್ಯಲ್ಪವೇ. ಆದ್ದರಿಂದ ಕೊನೆಯ ಲೆಕ್ಕ ಮಗುವಿಗೆ ಸೇರುವ ಪ್ರಮಾಣದ್ದಾಗಿರಬೇಕು. ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗೆ 150 ಮಿ.ಲೀ. ಕುಡಿಯುತ್ತದೆ ಎಂದು ಹಿಡಿದು, ಹಾಲಿನ ಸಾಂದ್ರತೆಯಿಂದ ಅದನ್ನು ಗುಣಿಸಿದರೆ ಕಿಲೋವಾರು ಪ್ರಮಾಣ ಸಿಗುತ್ತದೆ. ತಾಯಿಯ ಕಿಲೋವಾರು ಪ್ರಮಾಣದಲ್ಲಿ ಅದು ಶೇಕಡಾ ಎಷ್ಟು ಎಂಬುದೇ ಶಿಶುವಿನ ಸಾಪೇಕ್ಷ ಪ್ರಮಾಣ. ಇದು ಶೇ. 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ ಎನ್ನುವ ಗಡಿ 1990ರ ದಶಕದಿಂದ ರೂಢಿಯಲ್ಲಿದೆ. ಹತ್ತು ಎಂಬುದು ವೈದ್ಯರು ಒಪ್ಪಿಕೊಂಡ ಗಡಿ, ನಿಸರ್ಗ ಹಾಕಿದ ಗಡಿಯಲ್ಲ. ತುಂಬು ತಿಂಗಳಿಗೆ ಹುಟ್ಟಿದ ಆರೋಗ್ಯವಂತ ಮಗುವಿಗೆ ಅದು ಹೊಂದುತ್ತದೆ, ಅವಧಿಗೆ ಮುನ್ನ ಹುಟ್ಟಿದ ಒಂದೂವರೆ ಕಿಲೋದ ಮಗುವಿಗೆ ಅದೇ ಗಡಿಯನ್ನು ಕಣ್ಣುಮುಚ್ಚಿ ಹಾಕುವುದು ಸರಿಯಲ್ಲ.

ವಾರ್ಫರಿನ್: ಲೆಕ್ಕವೂ ಅಳತೆಯೂ ಕೂಡಿದ ಕಡೆ

ವಾರ್ಫರಿನ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ಔಷಧ. ಕೆಟ್ಟ ಸಿಹಿ ಕ್ಲೋವರ್ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದ ಕಾರಣವನ್ನು ಹುಡುಕುತ್ತ ಅಲ್ಲಿನ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಡೈಕೌಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಮುಂದುವರಿದು ಬಂದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆಯಿತು. ವಿಟಮಿನ್ ಕೆ ಮರುಬಳಕೆಯಾಗುವುದನ್ನು ತಡೆದು, ಹೆಪ್ಪುಗಟ್ಟಿಸುವ ಪ್ರೋಟೀನುಗಳು ಯಕೃತ್ತಿನಲ್ಲಿ ಸರಿಯಾಗಿ ತಯಾರಾಗದಂತೆ ಮಾಡುವುದು ಇದರ ಕೆಲಸ.

ಹಾಲಿನ ವಿಷಯದಲ್ಲಿ ಭಯ ಹುಟ್ಟಿಸಿದ್ದು ವಾರ್ಫರಿನ್ ಅಲ್ಲ, ಅದರ ದೂರದ ಬಂಧು ಫೆನಿಂಡಿಯೋನ್. ಆ ಮಾತ್ರೆ ನುಂಗುತ್ತಿದ್ದ ತಾಯಿಯ ಹಾಲು ಕುಡಿಯುತ್ತಿದ್ದ, ಸುಮಾರು ಒಂದೂವರೆ ತಿಂಗಳ ಮಗುವಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಬಳಿಕ ವೃಷಣಚೀಲದಲ್ಲಿ ಭಾರೀ ರಕ್ತಗಡ್ಡೆ ಕಟ್ಟಿ, ಗಾಯದಿಂದ ರಕ್ತ ಜಿನುಗಿದ ಪ್ರಸಂಗ 1970ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಬೇರೆ ಅಳತೆಗಳಲ್ಲೂ ಫೆನಿಂಡಿಯೋನ್ ಹಾಲಿನಲ್ಲಿ ಗಣನೀಯವಾಗಿ ಕಂಡಿತು. ಒಂದು ಔಷಧದ ದೋಷವನ್ನು ಇಡೀ ಗುಂಪಿನ ತಲೆಗೆ ಕಟ್ಟಿದ್ದರಿಂದ ವಾರ್ಫರಿನ್ ನುಂಗುವ ತಾಯಂದಿರೂ ಹಾಲೂಡಿಸುವುದನ್ನು ಬಿಡಬೇಕಾಯಿತು.

ವಾರ್ಫರಿನ್‌ನ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಿ ನೋಡಬಹುದು. ಅದು ದುರ್ಬಲ ಆಮ್ಲ, ಪಿಕೆಎ (ಅರ್ಧದಷ್ಟು ಅಣುಗಳು ಆವೇಶ ಹೊರುವ ಪಿಎಚ್) ಸುಮಾರು 5. ಪಿಎಚ್ 7.4ರ ಪ್ಲಾಸ್ಮಾದಲ್ಲಿ ಆವೇಶವಿಲ್ಲದ ಪ್ರತಿ ಅಣುವಿಗೆ ಆವೇಶ ಹೊತ್ತ ಸುಮಾರು 251 ಅಣುಗಳಿರುತ್ತವೆ, ಪಿಎಚ್ 7.2ರ ಹಾಲಿನಲ್ಲಿ ಸುಮಾರು 158. ಆವೇಶವಿಲ್ಲದವು ಎರಡೂ ಕಡೆ ಸಮನಾದಾಗ ಸಾಗಣೆ ನಿಲ್ಲುತ್ತದೆ. ಆಗ ಮುಕ್ತ ಔಷಧದ ಅನುಪಾತ 252ಕ್ಕೆ 159, ಅಂದರೆ 0.63. ಆದರೆ ರಕ್ತದಲ್ಲಿರುವ ವಾರ್ಫರಿನ್‌ನ ಶೇ. 99 ಭಾಗ ಆಲ್ಬುಮಿನ್‌ಗೆ ಅಂಟಿಕೊಂಡಿದೆ, ಮುಕ್ತವಾಗಿರುವುದು ಶೇ. 1 ಮಾತ್ರ. ತಾಯಿಯ ಪ್ಲಾಸ್ಮಾದಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಇದೆ ಎಂದು ಹಿಡಿದರೆ ಹಾಲಿನಲ್ಲಿ ನಿಲ್ಲುವುದು ಮಿಲಿಲೀಟರಿಗೆ ಸುಮಾರು 9–10 ನ್ಯಾನೋಗ್ರಾಂ. ಹಾಲಿನಲ್ಲೂ ಸ್ವಲ್ಪ ಪ್ರೋಟೀನು, ಕೊಬ್ಬು ಇರುವುದರಿಂದ ಇದು ತುಸು ಏರಬಹುದು. ಮಗು ದಿನಕ್ಕೆ ಕಿಲೋಗೆ 150 ಮಿ.ಲೀ. ಕುಡಿದರೆ ಸೇರುವುದು ಸುಮಾರು ಒಂದೂವರೆ ಮೈಕ್ರೋಗ್ರಾಂ. ದಿನಕ್ಕೆ 5 ಮಿ.ಗ್ರಾಂ. ನುಂಗುವ 60 ಕಿಲೋ ತೂಕದ ತಾಯಿಯ ಕಿಲೋವಾರು ಪ್ರಮಾಣ 83 ಮೈಕ್ರೋಗ್ರಾಂ. ಶಿಶುವಿನ ಸಾಪೇಕ್ಷ ಪ್ರಮಾಣ ಶೇ. 2ರ ಒಳಗೇ ನಿಲ್ಲುತ್ತದೆ.

ಅಳತೆ ಏನು ಹೇಳಿತು? 1977ರಲ್ಲಿ ಬ್ರಿಟನ್ನಿನ ಆರ್ಮ್ ಮತ್ತು ಸಹೋದ್ಯೋಗಿಗಳು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 13 ತಾಯಂದಿರ ಹಾಲಿನ ಪರೀಕ್ಷೆಯನ್ನು ಪ್ರಕಟಿಸಿದರು. ಅವರ ಉಪಕರಣ ಗುರುತಿಸಬಲ್ಲ ಕನಿಷ್ಠ ಮಟ್ಟ ಮಿಲಿಲೀಟರಿಗೆ 25 ನ್ಯಾನೋಗ್ರಾಂ. ಯಾವ ತಾಯಿಯ ಹಾಲೂ ಆ ಮಟ್ಟ ಮುಟ್ಟಲಿಲ್ಲ. ಎದೆಹಾಲು ಕುಡಿದ ಮಕ್ಕಳ ರಕ್ತದಲ್ಲೂ ವಾರ್ಫರಿನ್ ಸಿಗಲಿಲ್ಲ. ಹಾಲಿನಲ್ಲಿ ಸರಿಯಾಗಿ 25 ನ್ಯಾನೋಗ್ರಾಂ ಇತ್ತೆಂದೇ ಹಿಡಿದು ಲೆಕ್ಕ ಹಾಕಿದರೂ ಸಾಪೇಕ್ಷ ಪ್ರಮಾಣ ಶೇ. 4.5ನ್ನು ದಾಟದು. ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅಸಿನೊಕೌಮರಾಲ್ ಕೂಡ ಇದೇ ಬಗೆಯ ಆಮ್ಲ, ಅದೂ ಪ್ರೋಟೀನಿಗೆ ಬಿಗಿಯಾಗಿ ಅಂಟುತ್ತದೆ, ಅದನ್ನು ಅಳೆದ ಅಧ್ಯಯನಗಳಲ್ಲೂ ಹಾಲಿನಲ್ಲಿ ಪತ್ತೆಯಾಗಿಲ್ಲ. ಅರ್ಧ ಶತಮಾನದ ಹಿಂದೆಯೇ ಸಿಕ್ಕ ಈ ಉತ್ತರ ಇಂದಿಗೂ ಎಲ್ಲ ಹೆರಿಗೆ ವಾರ್ಡುಗಳಿಗೆ ತಲುಪಿಲ್ಲದಿರುವುದು ದುಃಖದ ಸಂಗತಿ.

ಕರ್ನಾಟಕದ ಬಾಣಂತನಕ್ಕೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಹಾಲು ಹೆಚ್ಚಲೆಂದು ಬಾಣಂತಿಗೆ ಸಬ್ಬಸಿಗೆ ಸೊಪ್ಪನ್ನು ಧಾರಾಳವಾಗಿ ಬಡಿಸುವ ಪದ್ಧತಿ ನಮ್ಮಲ್ಲಿದೆ. ಹಸಿರು ಸೊಪ್ಪುಗಳಲ್ಲಿ ವಿಟಮಿನ್ ಕೆ ಹೇರಳ, ಅದು ವಾರ್ಫರಿನ್ ಮತ್ತು ಅಸಿನೊಕೌಮರಾಲ್‌ಗಳ ಪರಿಣಾಮವನ್ನು ಕುಗ್ಗಿಸುತ್ತದೆ. ಕವಾಟ ಹಾಕಿಸಿಕೊಂಡ ತಾಯಿಯ ಊಟ ತವರಿಗೆ ಹೋದ ಕೂಡಲೇ ಹೀಗೆ ಬದಲಾದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಇಳಿದು ಕವಾಟದ ಮೇಲೆ ಹೆಪ್ಪು ಕೂರುವ ಸಂಭವವಿದೆ. ಸೊಪ್ಪು ಬಿಡಬೇಕಿಲ್ಲ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು, ಆ ವಾರಗಳಲ್ಲಿ ಐಎನ್‌ಆರ್ ಪರೀಕ್ಷೆಯನ್ನು ಹೆಚ್ಚು ಸಲ ಮಾಡಿಸಬೇಕು. ಇಲ್ಲಿ ತೊಂದರೆಗೆ ಒಳಗಾಗಬಹುದಾದವಳು ತಾಯಿ, ಮಗುವಲ್ಲ.

ಹೆಪರಿನ್ ವರ್ಗ

ಹೆಪರಿನ್‌ಗೆ ಸಮೀಕರಣವೇ ಬೇಡ. 1916ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಕಂಡ ಈ ವಸ್ತುವಿನ ಸರಾಸರಿ ಅಣುತೂಕ ಸುಮಾರು 15,000. ವಾರ್ಫರಿನ್‌ನದು 308. ಅಷ್ಟು ದೊಡ್ಡ, ಮೈತುಂಬ ಋಣ ಆವೇಶ ಹೊತ್ತ ಅಣು ಹಾಲಿಗೆ ಇಳಿಯುವುದಿಲ್ಲ. ಇಳಿದರೂ ಬಾಯಿಯ ಮೂಲಕ ಹೀರಲ್ಪಡುವುದಿಲ್ಲ, ಅದನ್ನು ಚುಚ್ಚುಮದ್ದಾಗಿಯೇ ಕೊಡುವುದು ಆ ಕಾರಣಕ್ಕೆ. ಎನಾಕ್ಸಾಪರಿನ್, ಡಾಲ್ಟೆಪರಿನ್‌ಗಳಂಥ ಕಡಿಮೆ ಅಣುತೂಕದ ಹೆಪರಿನ್‌ಗಳ ತೂಕ 4,000ರಿಂದ 6,000ದಷ್ಟು. ಸಿಸೇರಿಯನ್ ಆದ 15 ತಾಯಂದಿರಿಗೆ ಡಾಲ್ಟೆಪರಿನ್ ಕೊಟ್ಟು ಅಳೆದ 2001ರ ಅಧ್ಯಯನದಲ್ಲಿ 11 ಮಂದಿಯ ಹಾಲಿನಲ್ಲಿ ಅದರ ಚಟುವಟಿಕೆಯ ಸಣ್ಣ ಕುರುಹು ಸಿಕ್ಕಿತು. ಮೊದಲ ದಿನಗಳ ಹಾಲು, ಜೀವಕೋಶಗಳ ನಡುವಿನ ಸಂದು ಇನ್ನೂ ತೆರೆದಿರುವ ಕಾಲ ಎಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ. ಮಗುವಿನ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ಕಳವಳಕ್ಕೆ ಕಾರಣವೂ ಇಲ್ಲ.

ಕಡಿಮೆ ಪ್ರಮಾಣದ ಆಸ್ಪಿರಿನ್ ಹೆಪ್ಪುರೋಧಕಗಳ ಸಾಲಿಗೆ ಸೇರುವುದಿಲ್ಲ, ಅದು ರಕ್ತದ ಕಿರುಫಲಕಗಳ ಮೇಲೆ ಕೆಲಸ ಮಾಡುತ್ತದೆ. ಹಾಲಿನಲ್ಲಿ ಕಾಣುವುದು ಅದು ಒಡೆದು ಆಗುವ ಸ್ಯಾಲಿಸಿಲಿಕ್ ಆಮ್ಲ, ಅದೂ ಬಹಳ ಕಡಿಮೆ.

ಹೊಸ ಮಾತ್ರೆಗಳು: ಲೆಕ್ಕ ತಪ್ಪಿದ ಕಡೆ

2008ರಿಂದೀಚೆಗೆ ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್, ಎಡಾಕ್ಸಬಾನ್ ಎಂಬ ಮಾತ್ರೆಗಳು ಬಂದವು. ಇವು ವಿಟಮಿನ್ ಕೆ ಗೊಡವೆಗೆ ಹೋಗದೆ ಹೆಪ್ಪುಗಟ್ಟಿಸುವ ಕಿಣ್ವವನ್ನೇ ನೇರವಾಗಿ ತಡೆಯುತ್ತವೆ. ಐಎನ್‌ಆರ್ ಪರೀಕ್ಷೆ ಬೇಡ, ಊಟದಲ್ಲಿ ಸೊಪ್ಪಿನ ಲೆಕ್ಕ ಬೇಡ. ಪರೀಕ್ಷೆಗಾಗಿ ಹಸುಗೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಅಲೆಯಬೇಕಾದ ತಾಯಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ವಿವರಿಸಬೇಕಿಲ್ಲ. ಕಾಲಿನ ಅಥವಾ ಶ್ವಾಸಕೋಶದ ಹೆಪ್ಪಿಗೆ ಇವು ಈಗ ಸಾಮಾನ್ಯ ಚಿಕಿತ್ಸೆ. ಲೋಹದ ಕವಾಟಕ್ಕೆ ಮಾತ್ರ ಇವು ಸಲ್ಲವು. ಕವಾಟದ ರೋಗಿಗಳಲ್ಲಿ ಡಾಬಿಗಾಟ್ರಾನ್ ಪ್ರಯೋಗವನ್ನು ತೊಂದರೆಗಳ ಕಾರಣ ನಡುವೆಯೇ ನಿಲ್ಲಿಸಬೇಕಾಯಿತು, ಅದರ ವರದಿ 2013ರಲ್ಲಿ ಬಂತು. ಸಂಧಿವಾತ ಜ್ವರದ ಹೃದ್ರೋಗದಿಂದ ಹೃದಯದ ಲಯ ತಪ್ಪಿದವರಲ್ಲಿ ರಿವರಾಕ್ಸಬಾನ್‌ಗಿಂತ ಹಳೆಯ ವಿಟಮಿನ್ ಕೆ ವಿರೋಧಿ ಮಾತ್ರೆಗಳೇ ಮೇಲು ಎಂದು 2022ರ ಇನ್ವಿಕ್ಟಸ್ ಪ್ರಯೋಗ ತೋರಿಸಿತು. ಹೀಗಾಗಿ ಹೃದಯದ ಕಾರಣಕ್ಕೆ ಮಾತ್ರೆ ನುಂಗುವ ನಮ್ಮ ತಾಯಂದಿರಲ್ಲಿ ಹೆಚ್ಚಿನವರಿಗೆ ಬೇಕಾದದ್ದೂ ಹಾಲಿನ ಮಟ್ಟಿಗೆ ನಿರಪಾಯವಾದದ್ದೂ ಒಂದೇ ಔಷಧ.

ಅಪಿಕ್ಸಬಾನ್‌ನ ಕಥೆ ಮುನ್ನಂದಾಜಿನ ಮಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಅದರ ಅಣುತೂಕ 460, ದೇಹದ ಪಿಎಚ್‌ನಲ್ಲಿ ಅದಕ್ಕೆ ಆವೇಶವಿಲ್ಲ, ರಕ್ತದಲ್ಲಿ ಶೇ. 87 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ವಾರ್ಫರಿನ್‌ಗೆ ಹಾಕಿದ ಲೆಕ್ಕವನ್ನೇ ಹಾಕಿದರೆ ಮುಕ್ತವಾಗಿರುವ ಶೇ. 13 ಎರಡೂ ಕಡೆ ಸಮನಾಗಬೇಕು, ಹಾಲು–ಪ್ಲಾಸ್ಮಾ ಅನುಪಾತ 0.13ರ ಸುತ್ತಮುತ್ತ ಬರಬೇಕು. ಲಂಡನ್ನಿನ ಸಂಶೋಧಕರು 2020ರಲ್ಲಿ ತಾಯಂದಿರ ಹಾಲನ್ನು ಅಳೆದು ಪ್ರಕಟಿಸಿದಾಗ ಸಿಕ್ಕ ಅನುಪಾತ ಸುಮಾರು 2.6. ಇಪ್ಪತ್ತು ಪಟ್ಟು ವ್ಯತ್ಯಾಸ. ಶಿಶುವಿನ ಸಾಪೇಕ್ಷ ಪ್ರಮಾಣ ಶೇ. 12–13, ಅಂದರೆ ರೂಢಿಯ ಗಡಿಯ ಆಚೆ. ಅದೇ ವರದಿಯಲ್ಲಿ ರಿವರಾಕ್ಸಬಾನ್ ಗಡಿಯ ಒಳಗೇ ಇತ್ತು.

ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಮುಖ್ಯ ಕಾರಣವಾಗಿ ಗುರುತಿಸಲಾಗಿರುವುದು ಸ್ತನದ ಜೀವಕೋಶದ ಪೊರೆಯಲ್ಲಿರುವ ಬಿಸಿಆರ್‌ಪಿ ಎಂಬ ಸಾಗಣೆ ಪ್ರೋಟೀನು. ಹಾಲು ಉಣಿಸುವ ಅವಧಿಯಲ್ಲಿ ಅದು ಸ್ತನದಲ್ಲಿ ಹೇರಳವಾಗಿ ಏರುತ್ತದೆ, ಇಲಿ, ಹಸು, ಮನುಷ್ಯ ಎಲ್ಲರಲ್ಲೂ ಹೀಗೆಯೇ ಎಂದು 2005ರಲ್ಲಿ ತಿಳಿದುಬಂತು. ಅದರ ಸಹಜ ಕೆಲಸಗಳಲ್ಲೊಂದು ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2ವನ್ನು ಮಗುವಿಗಾಗಿ ಹಾಲಿಗೆ ದೂಡುವುದು. ಆಕಾರ ಹೊಂದಿದ ಔಷಧ ಎದುರಾದರೆ ಅದನ್ನೂ ದೂಡುತ್ತದೆ. ಇದರ ಸುಳಿವು ಮೊದಲೇ ಸಿಕ್ಕಿತ್ತು. ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್‌ಗೆ ಸಮೀಕರಣ ಹೇಳಿದ ಅನುಪಾತ 0.28, ತಾಯಂದಿರ ಹಾಲಿನಲ್ಲಿ ಅಳೆದದ್ದು 6ಕ್ಕೂ ಮೇಲೆ ಎಂದು 2001ರಲ್ಲೇ ವರದಿಯಾಗಿತ್ತು. ಪೊರೆಯನ್ನು ತಾನಾಗಿ ದಾಟುವ ಔಷಧಕ್ಕೆ ರಾಸಾಯನಿಕ ಲೆಕ್ಕ ಸಾಕು. ಬಿಸಿಆರ್‌ಪಿಯಂಥ ಪಂಪು ಎತ್ತಿ ಹಾಕುವ ಔಷಧಕ್ಕೆ ಆ ಲೆಕ್ಕ ಬರೀ ತಳಮಟ್ಟವನ್ನು ಹೇಳುತ್ತದೆ.

ಪ್ರಾಣಿಗಳ ಅಳತೆ ಇದಕ್ಕೆ ಪರಿಹಾರವಾಗದು. ಹಾಲೂಡಿಸುವ ಇಲಿಗಳಲ್ಲಿ ಅಪಿಕ್ಸಬಾನ್‌ನ ಹಾಲು–ಪ್ಲಾಸ್ಮಾ ಅನುಪಾತ 30. ಆ ಅಂಕಿಯನ್ನೇ ಮನುಷ್ಯರಿಗೆ ಹೊಂದಿಸಿದ್ದರೆ ತಾಯಂದಿರನ್ನು ಇನ್ನಷ್ಟು ಹೆದರಿಸಿದಂತಾಗುತ್ತಿತ್ತು. ಕಾಗದದ ಲೆಕ್ಕ ಇಪ್ಪತ್ತು ಪಟ್ಟು ಕಡಿಮೆ ಹೇಳಿತು, ಇಲಿ ಹತ್ತು ಪಟ್ಟಿಗೂ ಹೆಚ್ಚು ಹೇಳಿತು.

ಡಾಬಿಗಾಟ್ರಾನ್‌ನಲ್ಲಿ ಬೇರೊಂದು ತಿರುವಿದೆ. ಅದು ತಾನಾಗಿ ಕರುಳಿನಿಂದ ಹೀರಲ್ಪಡುವುದೇ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಮಾತ್ರೆಯಲ್ಲಿ ಅದನ್ನು ಮಾರ್ಪಡಿಸಿದ ರೂಪದಲ್ಲಿ ತುಂಬುತ್ತಾರೆ, ಹಾಗೆ ಮಾಡಿದರೂ ರಕ್ತ ತಲುಪುವುದು ಶೇ. 6–7 ಮಾತ್ರ. ತಾಯಿಯ ದೇಹದಲ್ಲಿ ಆ ರೂಪ ಕಳಚಿ ಹಾಲಿಗೆ ಬರುವುದು ಮೂಲ ಡಾಬಿಗಾಟ್ರಾನ್. ಮಗು ಅದನ್ನು ಕುಡಿದರೂ ಕರುಳು ಹೀರುವ ಸಂಭವ ಕಡಿಮೆ.

ಮಗುವಿನ ಕಡೆಯ ಲೆಕ್ಕ

ಹಾಲಿನಲ್ಲಿ ಎಷ್ಟಿದೆ ಎಂಬುದರ ನಂತರದ ಪ್ರಶ್ನೆ, ಅದು ಮಗುವಿನಲ್ಲಿ ಏನು ಮಾಡಬಲ್ಲದು. ಹೊಸ ಮಾತ್ರೆಗಳಲ್ಲಿ ರಿವರಾಕ್ಸಬಾನ್‌ಗೆ ಈಗ ಒಂದು ಅನುಕೂಲವಿದೆ. ಹೆಪ್ಪಿನ ಕಾಯಿಲೆ ಬಂದ ಮಕ್ಕಳಿಗೇ ಅದನ್ನು ಕೊಡಲು 2021ರಲ್ಲಿ ಯೂರೋಪು, ಅಮೆರಿಕಗಳಲ್ಲಿ ಒಪ್ಪಿಗೆಯಾಗಿರುವುದರಿಂದ ಶಿಶುವಿಗೆ ಪರಿಣಾಮ ಬೀರುವ ಪ್ರಮಾಣ ಎಷ್ಟೆಂಬುದು ಗೊತ್ತಿದೆ. 3ರಿಂದ 4 ಕಿಲೋ ತೂಕದ ಮಗುವಿಗೆ ದಿನಕ್ಕೆ ಮೂರು ಸಲ 0.9 ಮಿ.ಗ್ರಾಂ., ಅಂದರೆ ಕಿಲೋಗೆ ಸುಮಾರು 0.8 ಮಿ.ಗ್ರಾಂ. ದಿನಕ್ಕೆ 20 ಮಿ.ಗ್ರಾಂ. ನುಂಗುವ 60 ಕಿಲೋ ತಾಯಿಯ ಹಾಲಿನಿಂದ, ಸಾಪೇಕ್ಷ ಪ್ರಮಾಣವನ್ನು ಧಾರಾಳವಾಗಿ ಶೇ. 5 ಎಂದು ಹಿಡಿದರೂ, ಮಗುವಿಗೆ ಸೇರುವುದು ಕಿಲೋಗೆ 0.017 ಮಿ.ಗ್ರಾಂ. ಚಿಕಿತ್ಸೆಯ ಪ್ರಮಾಣದ ಶೇ. 2ರ ಆಸುಪಾಸು. ತಾಯಿಯ ಪ್ರಮಾಣಕ್ಕೆ ಹೋಲಿಸುವುದಕ್ಕಿಂತ ಮಗುವಿನ ಚಿಕಿತ್ಸಾ ಪ್ರಮಾಣಕ್ಕೆ ಹೋಲಿಸುವುದೇ ಹೆಚ್ಚು ಅರ್ಥಪೂರ್ಣ.

ನವಜಾತ ಶಿಶುವಿನ ದೇಹ ದೊಡ್ಡವರ ದೇಹದ ಪುಟ್ಟ ನಕಲಲ್ಲ. ರಿವರಾಕ್ಸಬಾನ್, ಅಪಿಕ್ಸಬಾನ್‌ಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳು ಹುಟ್ಟಿದಾಗ ಎಳೆಯವು, ಮೂತ್ರಪಿಂಡದ ಸೋಸುವ ಶಕ್ತಿಯೂ ಮೊದಲ ವಾರಗಳಲ್ಲಿ ಕಡಿಮೆ. ಹತ್ತು ದಿನದ ಮಗುವಿನಲ್ಲಿ ಕೂಡಿಕೊಳ್ಳಬಹುದಾದ ಔಷಧ ಆರು ತಿಂಗಳ ಮಗುವಿನಲ್ಲಿ ಬೇಗ ಹೊರಹೋಗುತ್ತದೆ. ಆ ಹೊತ್ತಿಗೆ ರಾಗಿ ಸರಿಯೂ ಶುರುವಾಗಿ ಎದೆಹಾಲಿನ ಪಾಲು ಇಳಿದಿರುತ್ತದೆ.

ವಿಟಮಿನ್ ಕೆ ಮಾತು ಇಲ್ಲಿ ಮುಖ್ಯ. ಹುಟ್ಟುವಾಗ ಮಗುವಿನಲ್ಲಿ ಅದರ ದಾಸ್ತಾನು ಅತ್ಯಲ್ಪ, ಎದೆಹಾಲಿನಲ್ಲೂ ಅದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ. ತಾಯಿ ಯಾವ ಔಷಧವನ್ನೂ ತೆಗೆದುಕೊಳ್ಳದಿದ್ದರೂ ವಿಟಮಿನ್ ಕೆ ಕೊರತೆಯಿಂದಲೇ ಮಗುವಿಗೆ ರಕ್ತಸ್ರಾವವಾಗಬಹುದು, ವಾರಗಳ ನಂತರ ಮಿದುಳಿನೊಳಗೂ ಆಗಬಹುದು. ಹುಟ್ಟಿದ ಕೂಡಲೇ ತೊಡೆಗೆ ಚುಚ್ಚುವ 1 ಮಿ.ಗ್ರಾಂ. ವಿಟಮಿನ್ ಕೆ (1 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಅರ್ಧ) ಇದನ್ನು ತಡೆಯುತ್ತದೆ. ವಾರ್ಫರಿನ್ ನುಂಗುವ ತಾಯಿಯ ಮಗುವಿಗೆ ಈ ಚುಚ್ಚುಮದ್ದು ತಪ್ಪದಂತೆ ನೋಡಿಕೊಳ್ಳುವುದು ಹಾಲನ್ನು ಬಿಡಿಸುವುದಕ್ಕಿಂತ ಎಷ್ಟೋ ದೊಡ್ಡ ರಕ್ಷಣೆ.

ಗಣಕದೊಳಗಿನ ತಾಯಿ ಮತ್ತು ಮಗು

ಮೇಲಿನ ಎಲ್ಲ ತುಣುಕುಗಳನ್ನೂ ಜೋಡಿಸಲು ಇಂದು ಬಳಸುವುದು ಶರೀರಕ್ರಿಯಾಧಾರಿತ ಮಾದರಿಗಳನ್ನು. ತಾಯಿಯ ಯಕೃತ್ತು, ಮೂತ್ರಪಿಂಡ, ಕೊಬ್ಬು, ಸ್ತನಗಳನ್ನು ಅವುಗಳ ನಿಜವಾದ ಗಾತ್ರ, ರಕ್ತದ ಹರಿವುಗಳೊಂದಿಗೆ ಗಣಕದಲ್ಲಿ ಬರೆಯುತ್ತಾರೆ, ಹಾಲಿನ ಮೂಲಕ ಅದಕ್ಕೆ ಮಗುವಿನ ಮಾದರಿಯನ್ನು ಕೂಡಿಸುತ್ತಾರೆ. ಮಗುವಿನ ದಿನವಯಸ್ಸು, ತೂಕ, ಒಂದು ಸಲಕ್ಕೆ ಕುಡಿಯುವ ಹಾಲು, ಕಿಣ್ವಗಳ ಬಲಿತ ಮಟ್ಟ ಎಲ್ಲವನ್ನೂ ಬದಲಿಸಿ ಬದಲಿಸಿ ನೂರಾರು ಕಾಲ್ಪನಿಕ ಜೋಡಿಗಳನ್ನು ಓಡಿಸಿ ನೋಡಬಹುದು. ಸಿಗುವ ಉತ್ತರ ಒಂದೇ ಅಂಕಿಯಲ್ಲ, ಒಂದು ಹರವು. ಅತಿ ಎಳೆಯ, ಅತಿ ಹೆಚ್ಚು ಕುಡಿಯುವ, ಅತಿ ನಿಧಾನವಾಗಿ ಔಷಧ ಕಳೆಯುವ ಮಗುವಿನಲ್ಲಿ ಎಷ್ಟಾಗಬಹುದು ಎಂಬ ಕೊನೆಯ ಅಂಚೇ ವೈದ್ಯರಿಗೆ ಬೇಕಾದ ಮಾಹಿತಿ. ಯೂರೋಪಿನಲ್ಲಿ 2019ರಲ್ಲಿ ಆರಂಭವಾದ ಕನ್‌ಸೆಪ್ಶನ್ ಯೋಜನೆ ಇಂಥ ಮಾದರಿಗಳ ಜೊತೆಗೆ ಪ್ರಯೋಗಾಲಯದ ಸ್ತನ ಜೀವಕೋಶಗಳನ್ನೂ ಗಿಡ್ಡ ತಳಿಯ ಹಂದಿಗಳನ್ನೂ ಬಳಸಿ ಪರೀಕ್ಷಿಸಲು ಹೊರಟಿತು.

ಈ ಮಾದರಿಗಳ ದುರ್ಬಲ ಕೊಂಡಿ ಮತ್ತೆ ಆ ಪಂಪೇ. ಜೀವಂತ ತಾಯಿಯ ಸ್ತನದಲ್ಲಿ ಬಿಸಿಆರ್‌ಪಿ ಎಷ್ಟಿದೆ, ತಿಂಗಳುಗಳು ಕಳೆದಂತೆ ಹೇಗೆ ಬದಲಾಗುತ್ತದೆ ಎಂಬ ಅಂಕಿ ಇಲ್ಲದೆ ಗಣಕ ಊಹಿಸಬೇಕಾಗುತ್ತದೆ. ಆದ್ದರಿಂದ ಒಳ್ಳೆಯ ಮಾದರಿಗೂ ಅಳೆದ ಹಾಲು ಬೇಕು, ಅದೂ ಸರಿಯಾಗಿ ಅಳೆದದ್ದು. ಹಾಲಿನಲ್ಲಿ ಔಷಧದ ಶಿಖರ ರಕ್ತದ ಶಿಖರಕ್ಕಿಂತ ತಡವಾಗಿ ಬರುವುದರಿಂದ ಒಂದೇ ಹೊತ್ತಿನ ಅಳತೆ ದಾರಿ ತಪ್ಪಿಸುತ್ತದೆ. ಮೊಲೆಯೂಡಿಸಲು ಶುರುಮಾಡಿದಾಗಿನ ನೀರುಹಾಲಿಗಿಂತ ಕೊನೆಯಲ್ಲಿ ಬರುವ ಹಾಲಿನಲ್ಲಿ ಕೊಬ್ಬು ಹೆಚ್ಚು. ಇಡೀ ದಿನದ ಹಾಲನ್ನು ಹೊತ್ತುಹೊತ್ತಿಗೆ ತೆಗೆದು ಅಳೆದರೆ ಮಾತ್ರ ಅಂಕಿ ನಂಬಲರ್ಹ.

ಈಗಿನ ಶಿಫಾರಸುಗಳು

ಅಮೆರಿಕನ್ ಹೆಮಟಾಲಜಿ ಸೊಸೈಟಿಯ 2018ರ ಮಾರ್ಗಸೂಚಿ ಹಾಲೂಡಿಸುವ ತಾಯಂದಿರಿಗೆ ವಾರ್ಫರಿನ್, ಅಸಿನೊಕೌಮರಾಲ್, ಹೆಪರಿನ್, ಕಡಿಮೆ ಅಣುತೂಕದ ಹೆಪರಿನ್ ಮತ್ತು ಚುಚ್ಚುಮದ್ದಾಗಿ ಕೊಡುವ ಫಾಂಡಪರಿನಕ್ಸ್‌ಗಳನ್ನು ಸುರಕ್ಷಿತ ಎಂದು ಹೇಳಿತು, ನೇರವಾಗಿ ಕೆಲಸ ಮಾಡುವ ಹೊಸ ಮಾತ್ರೆಗಳು ಬೇಡವೆಂದಿತು. ಹಾಗೆ ಬೇಡವೆಂದದ್ದರ ಹಿಂದೆ ಇದ್ದದ್ದು ಹಾನಿಯ ಪುರಾವೆಗಿಂತ ಮಾಹಿತಿಯ ಕೊರತೆ. ನಂತರ ಬಂದ ಅಳತೆಗಳಿಂದ ನೋಡಿದರೆ ರಿವರಾಕ್ಸಬಾನ್ ಮತ್ತು ಅಪಿಕ್ಸಬಾನ್‌ಗಳನ್ನು ಒಂದೇ ಕಂತೆಯಲ್ಲಿ ಕಟ್ಟುವುದು ಸರಿಯಲ್ಲ. ಎರಡರ ನಡುವೆ ಆಯ್ಕೆ ಇರುವಾಗ ಹಾಲಿನ ಅಂಕಿಗಳು ಮೊದಲನೆಯದರ ಕಡೆಗಿವೆ. ತಾಯಿ, ಮಗು ಇಬ್ಬರಿಗೂ ಒಗ್ಗುವ ಹಳೆಯ ಔಷಧ ಇರುವ ತನಕ ಮೊದಲ ಆಯ್ಕೆ ಅದೇ. ಅವಧಿಗೆ ಮುನ್ನ ಹುಟ್ಟಿದ ಮಗು, ಯಕೃತ್ತಿನ ತೊಂದರೆ ಇರುವ ಮಗು, ಶಸ್ತ್ರಚಿಕಿತ್ಸೆ ಎದುರಿಸುತ್ತಿರುವ ಮಗು ಇವರ ವಿಷಯದಲ್ಲಿ ಮಕ್ಕಳ ವೈದ್ಯರಿಗೆ ತಾಯಿಯ ಮಾತ್ರೆಯ ಹೆಸರನ್ನು ಮೊದಲೇ ತಿಳಿಸಬೇಕು.

ಮನೆಯವರು ಗಮನಿಸಬೇಕಾದ ಚಿಹ್ನೆಗಳು: ಕಾರಣವಿಲ್ಲದೆ ಮೂಡುವ ನೀಲಿ ಕಲೆ, ಚರ್ಮದ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ, ಹೊಕ್ಕುಳಿನಿಂದ ನಿಲ್ಲದ ರಕ್ತ, ಮಲದಲ್ಲಿ ರಕ್ತ, ಅತಿಯಾದ ಜೊಂಪು. ಮಗು ರಕ್ತಮಿಶ್ರಿತ ಹಾಲು ಕಕ್ಕಿದರೆ ಕೂಡಲೇ ಎದೆಹಾಲನ್ನು ದೂರುವ ಮುನ್ನ ತಾಯಿಯ ಮೊಲೆತೊಟ್ಟನ್ನು ನೋಡಬೇಕು. ರಕ್ತ ತೆಳು ಮಾಡುವ ಮಾತ್ರೆ ನುಂಗುವ ತಾಯಿಯಲ್ಲಿ ಒಡೆದ ತೊಟ್ಟಿನಿಂದ ರಕ್ತ ಹೆಚ್ಚು ಜಿನುಗುತ್ತದೆ, ಮಗು ಅದನ್ನೇ ನುಂಗಿ ಕಕ್ಕಿರಬಹುದು. ರಕ್ತ ತಾಯಿಯದೋ ಮಗುವಿನದೋ ಎಂದು ತಿಳಿಯಲು 1955ರಲ್ಲಿ ಆಪ್ಟ್ ಮತ್ತು ಡೌನಿ ವಿವರಿಸಿದ ಸರಳ ಪರೀಕ್ಷೆಯಿದೆ. ಕ್ಷಾರದ ದ್ರಾವಣ ಬೆರೆಸಿದಾಗ ಶಿಶುವಿನ ಹಿಮೋಗ್ಲೋಬಿನ್ ಗುಲಾಬಿ ಬಣ್ಣದಲ್ಲೇ ಉಳಿಯುತ್ತದೆ, ತಾಯಿಯದು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ತಾಯಿಯದೇ ರಕ್ತವಾದರೆ ಮಗುವನ್ನು ಎದೆಗೆ ಹಿಡಿಯುವ ಭಂಗಿಯನ್ನು ಸರಿಪಡಿಸಿ ತೊಟ್ಟಿನ ಗಾಯಕ್ಕೆ ಆರೈಕೆ ಮಾಡಿದರೆ ಸಾಕು, ಮಾತ್ರೆಯನ್ನೂ ಹಾಲನ್ನೂ ಮುಂದುವರಿಸಬಹುದು.